ಪಣಂಬೂರಿನಲ್ಲಿ ಗ್ರಾಬ್ ಬಂದ ಮೇಲೆ

ನವಮಂಗಳೂರು ಬಂದರಿನ ಗೇಟು ದಾಟಿ ನಾನು ಒಳಗೆ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹಡಗಿನ ಸರಕು ಇಳಿಸಿ ಏರಿಸುವ ಒಂದು ಸ್ಟಿವೆಡೋರ್ ಕಂಪೆನಿಯ ಟ್ಯಾಲಿ ಗುಮಾಸ್ತನಾಗಿ. ಕೂಲಿಯವರ ಬಾಯಲ್ಲಿ ನಾನು ‘ರೈಟರ್’. ಬಂದರು ಆಗ ಇನ್ನೂ ಹೊಸತು. 1974ರ ಮೇ ತಿಂಗಳಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತ್ತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಬಂದು ಉದ್ಘಾಟನೆ ಮಾಡಿದ್ದರು. ಅದಕ್ಕೆ ಮೊದಲು ನಮ್ಮೂರಿಗೆ ಇದ್ದದ್ದು ಅಳಿವೆಬಾಗಿಲಿನ ಹಳೆ ಬಂದರು ಮಾತ್ರ. ಅಲ್ಲಿ ಮಂಜಿಗಳು ಒಳಗೆ ಬರುತ್ತಿದ್ದವು, ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಪಣಂಬೂರಿನದು ನೆಲ ಅಗೆದು ಮಾಡಿದ ಬಂದರು. ಇಲ್ಲಿ ಹಡಗು ದಕ್ಕೆಗೇ ಬಂದು ತಾಗುತ್ತಿತ್ತು. ಆದರೆ ತಾಗಿದ ಹಡಗಿನ ಹೊಟ್ಟೆಯಿಂದ ಸರಕನ್ನು ಮೇಲೆತ್ತುವ ಕೆಲಸ ಮಾತ್ರ ಹಳೆ ಬಂದರಿನಲ್ಲಿ ಇದ್ದ ಹಾಗೆಯೇ ಇತ್ತು.

ರಸಗೊಬ್ಬರದ ಹಡಗು ಬಂದರೆ ಹೋಲ್ಡಿನ ಕಬ್ಬಿಣದ ಏಣಿಯಲ್ಲಿ ಒಂದು ಗ್ಯಾಂಗ್ ಕೆಳಗೆ ಇಳಿಯುತ್ತಿತ್ತು. ತಲೆಗೆ ಬೈರಾಸು, ಮೂಗಿಗೂ ಅದರದೇ ತುದಿ, ಮೈಗೆ ತೆಂಗಿನೆಣ್ಣೆ. ಪೊಟ್ಯಾಷ್ ಎಂದರೆ ಕೆಂಪು ಹುಡಿ. ಬೆವರಿಗೆ ತಾಗಿದರೆ ಉರಿ, ಅಂಗಿಗೆ ತಾಗಿದರೆ ಹೋಗದ ಕಲೆ. ಸಲಿಕೆಯಿಂದ ಎತ್ತಿ ಚೀಲಕ್ಕೋ ಕಬ್ಬಿಣದ ಟಬ್ಬಿಗೋ ತುಂಬುವುದು, ಸ್ಲಿಂಗ್ ಹಾಕುವುದು, ಹ್ಯಾಚಿನ ಅಂಚಿನಲ್ಲಿ ನಿಂತವನು ಕೈ ಮೇಲೆತ್ತಿದಾಗ ವಿಂಚ್ ಎಳೆಯುವುದು. ನಾನು ಮೇಲೆ ನಿಂತು ಸ್ಲಿಂಗ್ ಎಣಿಸಿ ಬರೆದುಕೊಳ್ಳುತ್ತಿದ್ದೆ. ಹಡಗೊಂದು ಖಾಲಿಯಾಗುವ ಹೊತ್ತಿಗೆ ವಾರಗಳೇ ಆಗುತ್ತಿದ್ದವು. ನಡುವೆ ಮಳೆ ಬಂದರೆ ಹ್ಯಾಚ್ ಮುಚ್ಚಿ ಎಲ್ಲರೂ ಶೆಡ್ಡಿನ ಕೆಳಗೆ ಬೀಡಿ ಸೇದುತ್ತ ಕೂರುವುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಾಗೆ ಕೂತ ದಿನಗಳೇ ಜಾಸ್ತಿ.

ಈ ಸಲಿಕೆಯ ಕೆಲಸ ಮಾಡಬಲ್ಲ ಗ್ರಾಬ್ ಎಂಬ ಯಂತ್ರ ಲೋಕಕ್ಕೆ ಹೊಸತಾಗಿರಲಿಲ್ಲ. ಇಂಗ್ಲೆಂಡಿನ ಹಲ್ ಪಟ್ಟಣದ ಪ್ರೀಸ್ಟ್‌ಮನ್ ಸೋದರರು 1870ರ ದಶಕದಲ್ಲೇ ಹಗ್ಗದಿಂದ ಬಾಯಿ ತೆರೆದು ಮುಚ್ಚುವ ಗ್ರಾಬ್ ಮಾಡಿದ್ದರು. ಅದನ್ನು ಮಾಡಿದ್ದು ಸ್ಪೇನಿನ ಕಡಲಲ್ಲಿ ಮುಳುಗಿದ ಚಿನ್ನದ ಹಡಗುಗಳ ನಿಧಿ ಎತ್ತಲಿಕ್ಕೆ. ಚಿನ್ನದ ಆಸೆಗೆ ಹುಟ್ಟಿದ ಯಂತ್ರ ಕೊನೆಗೆ ಕೆಸರು, ಕಲ್ಲಿದ್ದಲು, ಗೊಬ್ಬರಕ್ಕೆ ಬಂದು ಹೊಂದಿಕೊಂಡಿತು. ನಮ್ಮ ದಕ್ಕೆಯಲ್ಲಿ ಅದರ ಕಾಲ ಶುರುವಾದದ್ದು ಹಡಗುಗಳು ಬದಲಾದಾಗ. ಎರಡು ಅಂತಸ್ತಿನ ಹಳೆ ಹಡಗುಗಳಲ್ಲಿ ಹ್ಯಾಚ್ ಚಿಕ್ಕದು. ಗ್ರಾಬ್ ಇಳಿಸಿದರೂ ಬಾಯಿಯ ನೇರ ಕೆಳಗಿನ ಸರಕು ಮಾತ್ರ ಸಿಗುತ್ತಿತ್ತು, ಉಳಿದದ್ದನ್ನೆಲ್ಲ ಬದಿಗಳಿಂದ ಸಲಿಕೆಯಲ್ಲೇ ಎಳೆದು ತರಬೇಕು. ಅಗಲ ಬಾಯಿಯ, ಇಳಿಜಾರು ಗೋಡೆಯ ಬಲ್ಕ್ ಹಡಗುಗಳು ನಾಲ್ಕು ನಾಲ್ಕು ಕ್ರೇನ್ ಹೊತ್ತುಕೊಂಡು ಬರತೊಡಗಿದ ಮೇಲೆ ಗ್ರಾಬಿಗೆ ಅರ್ಥ ಬಂತು.

ದೂರದಿಂದ ನೋಡುವವರಿಗೆ ಎಲ್ಲ ಗ್ರಾಬುಗಳೂ ಒಂದೇ: ಎರಡು ದವಡೆ, ಮೇಲೆ ಹಗ್ಗ. ನಮ್ಮ ಆಫೀಸಿನಲ್ಲಿ ಕೂತವರಿಗೂ ಹಾಗೆಯೇ ಕಾಣುತ್ತಿತ್ತು. ಗ್ರಾಬ್ ಬಾಡಿಗೆಗೆ ತರುವಾಗ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ‘ಎಷ್ಟು ದೊಡ್ಡದು ಸಿಗ್ತದೆ?’ ದೊಡ್ಡ ಗ್ರಾಬ್ ತಂದರೆ ಬೇಗ ಮುಗಿಯುತ್ತದೆ, ಬೇಗ ಮುಗಿದರೆ ಹಡಗನ್ನು ಹೆಚ್ಚು ದಿನ ನಿಲ್ಲಿಸಿದ್ದಕ್ಕೆ ಕಟ್ಟುವ ಡೆಮರೇಜ್ ಉಳಿಯುತ್ತದೆ. ಕಾಗದದ ಮೇಲೆ ಈ ಲೆಕ್ಕ ಸರಿಯೇ. ದಕ್ಕೆಯ ಮೇಲೆ ಸರಿಯಾಗುತ್ತಿರಲಿಲ್ಲ.

ಲೆಕ್ಕ ಇರುವುದು ಹೀಗೆ. ಹಡಗಿನ ಕ್ರೇನ್ ಮೇಲೆ 30 ಟನ್ ಎಂದು ಬರೆದಿದ್ದರೂ ಗ್ರಾಬ್ ಕೆಲಸಕ್ಕೆ ಅಷ್ಟನ್ನು ಕೊಡುವುದಿಲ್ಲ. ಕೊಕ್ಕೆಗೆ ಒಂದು ಯಂತ್ರವನ್ನೋ ಉಕ್ಕಿನ ಸುರುಳಿಯನ್ನೋ ಕಟ್ಟಿ ನಿಧಾನ ಎತ್ತುವುದು ಬೇರೆ. ದಿನವಿಡೀ, ಎರಡು ಎರಡೂವರೆ ನಿಮಿಷಕ್ಕೊಮ್ಮೆ, ಜರ್ಕ್ ಹೊಡೆಯುತ್ತ ಎತ್ತಿ ಇಳಿಸುವುದು ಬೇರೆ. ಹಾಗಾಗಿ ಗ್ರಾಬ್ ಕೆಲಸಕ್ಕೆ ಸುಮಾರು 24 ಟನ್ ಎಂದು ಇಟ್ಟುಕೊಳ್ಳಿ. ಅದರಲ್ಲಿ ಗ್ರಾಬಿನ ಸ್ವಂತ ತೂಕವೇ ಎಂಟೊಂಬತ್ತು ಟನ್. ಸರಕಿಗೆ ಉಳಿದದ್ದು 15 ಟನ್. ಕಲ್ಲಿದ್ದಲು ಒಂದು ಘನಮೀಟರಿಗೆ ಮುಕ್ಕಾಲು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಯೂರಿಯಾ ಅದಕ್ಕಿಂತ ಒಂದು ಕೈ ಹಗುರ. 12 ಘನಮೀಟರಿನ ಗ್ರಾಬ್ ತುಂಬ ಕಲ್ಲಿದ್ದಲು ತುಂಬಿದರೆ ಕ್ರೇನಿಗೆ ಏನೂ ಅನಿಸುವುದಿಲ್ಲ. ಅದೇ ಗ್ರಾಬನ್ನು ಕಬ್ಬಿಣದ ಅದಿರಿನ ಹುಡಿಯ ಮೇಲೆ ಬಿಡಿ. ಅದಿರು ಘನಮೀಟರಿಗೆ ಎರಡೂವರೆ ಟನ್. ತುಂಬಿದರೆ ಸರಕೇ 30 ಟನ್, ಗ್ರಾಬಿನ ತೂಕ ಬೇರೆ. ಅದಿರಿಗೆ ಆ ಕ್ರೇನಿನಲ್ಲಿ 6 ಘನಮೀಟರಿನ ಗ್ರಾಬೇ ಗತಿ.

ಹಡಗಿನ ಕಾಗದಪತ್ರದಲ್ಲಿ ಈ ಲೆಕ್ಕಕ್ಕೆ ಬೇಕಾದ ಅಂಕಿ ಯಾವಾಗಲೂ ಇರುತ್ತದೆ. ಒಂದು ಟನ್ ಸರಕು ಎಷ್ಟು ಘನಮೀಟರ್ ಜಾಗ ಹಿಡಿಯುತ್ತದೆ ಎಂದು ಬರೆದಿರುತ್ತಾರೆ. ಅದನ್ನು ತಿರುಗಿಸಿ ಭಾಗಿಸಿದರೆ ಆಯಿತು. ಆ ಕಾಗದ ಬರುತ್ತಿದ್ದದ್ದು ಆಫೀಸಿಗೆ, ಗ್ರಾಬ್ ಆರಿಸುತ್ತಿದ್ದದ್ದು ಗೋಡೌನಿನಲ್ಲಿ. ಎರಡೂ ಒಂದು ಮೇಜಿನ ಮೇಲೆ ಸೇರಿದ್ದನ್ನು ನಾನು ನೋಡಿದ್ದು ಕಡಿಮೆ.

ವಿಂಚ್‌ಮ್ಯಾನ್‌ಗಳಿಗೆ ಕಾಗದದ ಹಂಗಿರಲಿಲ್ಲ. ಹಳಬರಾದ ಒಬ್ಬ ಬ್ಯಾರಿ ಇದ್ದರು, ನಾವೆಲ್ಲ ಕಾಕ ಎನ್ನುತ್ತಿದ್ದೆವು. ಹಗ್ಗ ಬಿಗಿಯಾಗುವ ಸದ್ದಿನಲ್ಲೇ ಅವರಿಗೆ ತೂಕ ಗೊತ್ತಾಗುತ್ತಿತ್ತು. ಒಮ್ಮೆ ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗನೊಬ್ಬ ಕೆಳಗಿನಿಂದ, ‘ಪೂರ್ತಿ ತುಂಬಿಸಿ ಕಾಕ, ಅರ್ಧಕ್ಕೇ ಯಾಕೆ ಎತ್ತುತ್ತೀರಿ?’ ಎಂದು ಕೂಗಿದ. ಕಾಕ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, ‘ಎಂತ ಮಾರಾಯ್ರೆ, ನಿಮ್ಮ ಗ್ರಾಬಿಗೆ ಹಸಿವು ಉಂಟು, ನನ್ನ ಹಗ್ಗಕ್ಕೆ ಜೀವ ಉಂಟಲ್ಲ?’ ಎಂದರು. ಆಮೇಲೆ ನನ್ನ ಕಡೆ ನೋಡಿ, ‘ರೈಟ್ರೆ, ಇವರಿಗೆ ಒಂದು ಚಾ ಕೊಡಿಸಿ’ ಎಂದು ಸೇರಿಸಿದರು.

ಕಾಕನಿಗೆ ಪ್ರೀತಿ ಇದ್ದದ್ದು ನಾಲ್ಕು ಹಗ್ಗದ ಗ್ರಾಬ್ ಮೇಲೆ. ಅದರಲ್ಲಿ ಎರಡು ಹಗ್ಗ ಗ್ರಾಬನ್ನು ಹಿಡಿದುಕೊಂಡಿರುತ್ತವೆ, ಇನ್ನೆರಡು ಬಾಯಿ ಮುಚ್ಚುತ್ತವೆ. ಎರಡು ಜೋಡಿಗೂ ಕ್ರೇನಿನಲ್ಲಿ ಬೇರೆ ಬೇರೆ ಡ್ರಮ್ ಬೇಕು. ಹಿಡಿದ ಹಗ್ಗ ಸಡಿಲ ಬಿಟ್ಟು ಮುಚ್ಚುವ ಹಗ್ಗ ಎಳೆದರೆ ದವಡೆ ತನ್ನ ತೂಕದಿಂದಲೇ ಸರಕಿನೊಳಗೆ ಇಳಿಯುತ್ತ ಕೂಡಿಕೊಳ್ಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮುಚ್ಚುವ ಹಗ್ಗ ಎಳೆದಷ್ಟೂ ಅದು ಗ್ರಾಬನ್ನು ಮೇಲಕ್ಕೂ ಎತ್ತುತ್ತದೆ. ಹಿಡಿದ ಹಗ್ಗವನ್ನು ಸಾಕಷ್ಟು ಸಡಿಲ ಬಿಡದಿದ್ದರೆ ಗ್ರಾಬ್ ಸರಕಿನ ಮೇಲ್ಮೈ ಕೆರೆದು ಅರ್ಧ ಹೊಟ್ಟೆಯಲ್ಲಿ ಮೇಲೆ ಬರುತ್ತದೆ. ಹೆಚ್ಚು ಸಡಿಲ ಬಿಟ್ಟರೆ ಹಗ್ಗ ಗ್ರಾಬಿನ ತಲೆಯ ಮೇಲೆ ಸುತ್ತಿಕೊಂಡು ಪುಲ್ಲಿಯಿಂದ ಜಾರುತ್ತದೆ. ಕಾಕ ಎರಡು ಲಿವರುಗಳನ್ನು ಎರಡು ಕೈಯಲ್ಲಿ ಹಿಡಿದು, ನಾಲ್ಕು ಹಗ್ಗವೂ ಒಟ್ಟಿಗೆ ಬಿಗಿಯಾಗುವ ಆ ಕ್ಷಣವನ್ನು ಕಾಯುತ್ತಿದ್ದರು. ಕೆಳಗೆ ದಕ್ಕೆಯಲ್ಲಿ ಸರಕು ಸುರಿಯುವ ಹಾಪರ್ ಮೇಲೆ ಬಂದಾಗ ಎಷ್ಟು ಎತ್ತರದಲ್ಲಿ ಬೇಕಾದರೂ, ಎಷ್ಟು ಬೇಕಾದರೂ ಬಾಯಿ ಬಿಡಿಸಬಹುದು. ಇಷ್ಟು ಸ್ವಾತಂತ್ರ್ಯ ಬೇರೆ ಯಾವ ಗ್ರಾಬಿಗೂ ಇಲ್ಲ ಎನ್ನುವುದು ಅವರ ತೀರ್ಮಾನ. ಇವತ್ತಿಗೂ ನನ್ನದೂ ಅದೇ.

ಆದರೆ ಹಡಗಿನ ಸಾಮಾನ್ಯ ಕ್ರೇನುಗಳಲ್ಲಿ ಎತ್ತುವ ಡ್ರಮ್ ಒಂದೇ. ಅವಕ್ಕೆ ಒಂಟಿ ಹಗ್ಗದ ಗ್ರಾಬ್ ಬೇಕು. ಹಳೆಯವು ಬಳೆಯಂಥ ಒಂದು ರಿಂಗಿಗೆ ಹೋಗಿ ಸಿಕ್ಕಿದಾಗ ಮಾತ್ರ ಬಾಯಿ ತೆರೆಯುತ್ತಿದ್ದವು. ಹಾಪರಿನ ಮೇಲೆ ರಿಂಗ್ ಕಟ್ಟಬೇಕು, ಪ್ರತಿ ಸಲ ಅಲ್ಲಿಗೇ ಕೊಂಡುಹೋಗಬೇಕು. ಆಮೇಲೆ ರಿಮೋಟ್ ಬಂತು. ಕ್ಯಾಬಿನ್ನಿನಲ್ಲಿ ಕೂತವನು ಬಟನ್ ಒತ್ತಿದರೆ ಗ್ರಾಬಿನೊಳಗಿನ ಹೈಡ್ರಾಲಿಕ್ ಬಿಡಿಸಿಕೊಳ್ಳುತ್ತದೆ. ಇದು ಸಣ್ಣ ಬಂದರುಗಳಿಗೆ ದೊಡ್ಡ ಉಪಕಾರ ಮಾಡಿತು. ಇನ್ನು ಕೆಲವು ಹಡಗುಗಳು ಮೋಟಾರ್ ಗ್ರಾಬ್ ತರುತ್ತಿದ್ದವು. ಗ್ರಾಬಿನ ತಲೆಯೊಳಗೇ ಮೋಟಾರು, ಎಣ್ಣೆ ಪಂಪು, ಸಿಲಿಂಡರು. ಬಿಗಿಯಾಗಿ ಕೂತ ಸರಕನ್ನು ಕಚ್ಚುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ತೂಕ ಜಾಸ್ತಿ, ಅಷ್ಟರಮಟ್ಟಿಗೆ ಸರಕು ಕಡಿಮೆ. ಮೇಲಿನಿಂದ ಕರೆಂಟಿನ ಕೇಬಲ್ ಜೊತೆಗೇ ಇಳಿಯಬೇಕು. ಆ ಕೇಬಲ್ ಹ್ಯಾಚಿನ ಅಂಚಿಗೆ ಉಜ್ಜಿ ಹರಿದು, ಇಡೀ ಪಾಳಿ ಎಲೆಕ್ಟ್ರಿಷಿಯನ್ ಹುಡುಕುತ್ತ ಕಳೆದದ್ದನ್ನು ನಾನು ಕಂಡಿದ್ದೇನೆ. ಗೊಬ್ಬರದ ಮೇಲೆ ಎಣ್ಣೆ ಸೋರಿದರೆ ಇನ್ನೊಂದು ರಗಳೆ.

ಯೂರಿಯಾದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಕ್ಕರೆಯಂಥ ಆ ಬಿಳಿ ಕಾಳಿಗೆ ಗ್ರಾಬಿನ ತುಟಿಗಳ ನಡುವೆ ಬೆರಳು ಹೋಗುವಷ್ಟು ಸಂದು ಸಾಕು, ಹ್ಯಾಚಿನಿಂದ ಹಾಪರಿನವರೆಗೆ ಬಿಳಿ ಗೆರೆ ಎಳೆದು ಬಿಡುತ್ತದೆ. ಹಡಗಿಗೂ ದಕ್ಕೆಗೂ ನಡುವಿನ ಸಂದಿಗೆ ಬಿದ್ದದ್ದು ಸೀದಾ ಸಮುದ್ರಕ್ಕೆ. ಅಲ್ಲಿ ಟಾರ್ಪಾಲು ಕಟ್ಟುತ್ತಿದ್ದೆವು, ಗಾಳಿ ಅದನ್ನು ಹರಿಯುತ್ತಿತ್ತು. ಯೂರಿಯಾ ಗಾಳಿಯ ತೇವ ಕುಡಿಯುತ್ತದೆ, ಕಬ್ಬಿಣ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ತೊಳೆದು ಒಣಗಿಸದ ಗ್ರಾಬ್ ಮುಂದಿನ ಹಡಗಿಗೆ ಬರುವಾಗ ತುಕ್ಕಿನ ಚಕ್ಕೆ ಉದುರಿಸುತ್ತ ಬರುತ್ತದೆ. ಒಮ್ಮೆ ಒಂದು ಕಂಪೆನಿಯವರು ಕಲ್ಲಿದ್ದಲಿನ ಹಡಗಿನಿಂದ ಎತ್ತಿದ ಗ್ರಾಬನ್ನು ಬರೇ ಪೊರಕೆಯಲ್ಲಿ ಗುಡಿಸಿ ಯೂರಿಯಾಕ್ಕೆ ಇಳಿಸಿದರು. ಬಿಳಿ ರಾಶಿಯಲ್ಲೆಲ್ಲ ಕಪ್ಪು ಚುಕ್ಕೆ. ಸರಕು ಪಡೆಯುವವರ ಸರ್ವೇಯರ್ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದರು, ಫೋಟೋ ತೆಗೆದರು, ಕೆಲಸ ನಿಲ್ಲಿಸಿದರು. ಆ ಹ್ಯಾಚಿನ ಮೇಲ್ಪದರವನ್ನು ಹೆಂಗಸರು ಕೂತು ಸಲಿಕೆಯಲ್ಲಿ ಬೇರೆ ಮಾಡಬೇಕಾಯಿತು. ಗ್ರಾಬ್ ತೊಳೆಯುವುದಕ್ಕೆ ಬೇಕಿದ್ದದ್ದು ಒಂದು ಪಂಪು ಮತ್ತು ಅರ್ಧ ದಿನ.

ಕಲ್ಲಿದ್ದಲಿನ ಸ್ವಭಾವ ಬೇರೆ. ಇಂಡೋನೇಷ್ಯಾದಿಂದ ಬರುವ ಕಲ್ಲಿದ್ದಲು ತೇವದ್ದು, ಮೆದು, ರಾಶಿಯಲ್ಲಿ ತನ್ನಷ್ಟಕ್ಕೆ ಬಿಸಿಯಾಗುವಂಥದ್ದು. ಹ್ಯಾಚ್ ತೆರೆದಾಗ ಹಬೆ ಏಳುವುದುಂಟು. ಅದಕ್ಕೆ ಹಗುರವಾದ, ಅಗಲವಾಗಿ ಬಾಯಿ ತೆರೆಯುವ ಗ್ರಾಬ್ ಬೇಕು. ಕಚ್ಚುವ ಬಲ ಅಷ್ಟು ಬೇಡ, ವೇಗ ಬೇಕು. ಮುಚ್ಚುವ ಹಗ್ಗವನ್ನು ಪುಲ್ಲಿಗಳಲ್ಲಿ ಎಷ್ಟು ಸುತ್ತು ಹಾಕಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ: ಸುತ್ತು ಹೆಚ್ಚಾದರೆ ಬಲ ಹೆಚ್ಚು, ಆದರೆ ಬಾಯಿ ಮುಚ್ಚುವುದು ನಿಧಾನ. ಗಟ್ಟಿ ಸರಕಿಗೆ ಹೆಚ್ಚು ಸುತ್ತು, ಕಲ್ಲಿದ್ದಲಿಗೆ ಕಡಿಮೆ. ಸುಣ್ಣಕಲ್ಲಿನಂಥ ಗಡ್ಡೆ ಸರಕಿಗೆ ಹಲ್ಲು ಇರುವ ತುಟಿ ಹಾಕುತ್ತಾರೆ. ನೇರ ತುಟಿಯಾದರೆ ಒಂದೇ ಒಂದು ಗಡ್ಡೆ ನಡುವೆ ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚುವುದಿಲ್ಲ, ಉಳಿದದ್ದೆಲ್ಲ ದಾರಿಯಲ್ಲೇ ಸುರಿಯುತ್ತದೆ. ಗುಜರಿ ಕಬ್ಬಿಣಕ್ಕೆ ಕಿತ್ತಳೆ ಸಿಪ್ಪೆ ಬಿಡಿಸಿದ ಹಾಗೆ ಹಲವು ಎಸಳು ತೆರೆಯುವ ಗ್ರಾಬ್ ಇದೆ. ಮರದ ದಿಮ್ಮಿಗೆ ಅದರದೇ ಕೊಂಡಿ ಇದೆ. ಅವುಗಳ ಆಯ್ಕೆಯಲ್ಲಿ ಯಾರೂ ಎಡವುವುದಿಲ್ಲ. ಎಡವುವುದೆಲ್ಲ ಹುಡಿ ಸರಕಿನಲ್ಲಿ.

ನಮ್ಮ ಬಂದರಿನ ಅದಿರಿನ ಕತೆಯಂತೂ ತಲೆಕೆಳಗಾದ ಕತೆ. ಕುದುರೆಮುಖದ ಅದಿರು ನೀರಿನೊಂದಿಗೆ ಬೆರೆತು 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಇಲ್ಲಿ ಸೋಸಿ ಒಣಗಿಸಿ, ಆಮೇಲೆ 1987ರಿಂದ ಉಂಡೆ ಕಟ್ಟಿ, ಬೆಲ್ಟಿನ ಮೇಲೆ ಹರಿಸಿ ನೇರ ಹಡಗಿಗೆ ಸುರಿಯುತ್ತಿದ್ದರು. ಆ ದಕ್ಕೆಯಲ್ಲಿ ಹಡಗು ತುಂಬಲು ಗ್ರಾಬಿನ ಅಗತ್ಯವೇ ಇರಲಿಲ್ಲ. ನಮ್ಮ ಗ್ಯಾಂಗಿನವರು ಆ ಕಡೆ ನೋಡಿ ‘ಅದು ದೊಡ್ಡವರ ಬರ್ತ್’ ಎನ್ನುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಉಂಡೆ ಕಟ್ಟುವ ಕಾರ್ಖಾನೆ ಮಾತ್ರ ಉಳಿಯಿತು, ಅದಕ್ಕೆ ಹೊರಗಿನ ಅದಿರು ಬೇಕಾಯಿತು. ಛತ್ತೀಸಗಢದ ಬೈಲಾಡಿಲದ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಸುತ್ತಿ ಬಂತು. ಅದಿರು ಹೊರಗೆ ಕಳಿಸಿದ ಊರು ಅದಿರು ಇಳಿಸಿಕೊಳ್ಳತೊಡಗಿತು. ಬೆಲ್ಟಿನ ಊರಿಗೆ ಅದಿರಿನ ಗ್ರಾಬ್ ಬಂತು. ಸಣ್ಣದು, ಗಿಡ್ಡ, ದಪ್ಪ ತಗಡಿನದು. ಮೊದಲ ಸಲ ನೋಡಿದವರು ‘ಇದೆಂತ ಮಗು ಗ್ರಾಬ್’ ಎಂದು ನಕ್ಕರು. ಆ ಮಗುವಿನ ತೂಕ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿದ್ದ ಕಲ್ಲಿದ್ದಲಿನ ಗ್ರಾಬಿಗಿಂತ ಬಹಳವೇನೂ ಕಡಿಮೆ ಇರಲಿಲ್ಲ.

ಅದೇ ವರ್ಷಗಳಲ್ಲಿ ಬಳ್ಳಾರಿ ಹೊಸಪೇಟೆ ಕಡೆಯ ಅದಿರು ಲಾರಿಗಳಲ್ಲಿ ಶಿರಾಡಿ ಘಾಟಿ ಇಳಿದು ಬರುತ್ತಿತ್ತು. ರಸ್ತೆ ಏನಾಯಿತು ಎಂಬುದು ಆ ದಾರಿಯಲ್ಲಿ ಬಸ್ಸು ಹತ್ತಿದ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಆ ಹುಡಿ ನೆನೆದರೆ ಗ್ರಾಬಿನ ಒಳಗೋಡೆಗೆ ಮೆತ್ತಿಕೊಂಡು, ಬಾಯಿ ತೆರೆದರೂ ಅರ್ಧ ಸರಕು ಬೀಳುವುದಿಲ್ಲ. ಗ್ರಾಬ್ ಅದನ್ನೇ ಹೊತ್ತು ಹಿಂದೆ ಮುಂದೆ ಓಡಾಡುತ್ತದೆ. ಅಂಥ ಅದಿರು ಹೋಲ್ಡಿನಲ್ಲಿ ಇನ್ನೂ ಅಪಾಯಕಾರಿ. ಕಡಲಿನ ಹೊಯ್ದಾಟಕ್ಕೆ ನೀರು ಬಿಟ್ಟುಕೊಂಡು ರಾಡಿಯಾಗಿ ಒಂದು ಬದಿಗೆ ಹರಿಯುತ್ತದೆ, ಹಡಗು ವಾಲುತ್ತದೆ. 2009ರ ಜುಲೈಯಲ್ಲಿ ಅದಿರಿನ ಹುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮಂಗಳೂರಿನ ಹೊರಗಿನ ಕಡಲಲ್ಲೇ ಮುಳುಗಿತು. ಪುಣ್ಯಕ್ಕೆ ಅದರಲ್ಲಿದ್ದವರು ಬದುಕಿಕೊಂಡರು. ಮರುವರ್ಷ, 2010ರ ಜುಲೈಯಲ್ಲಿ, ರಾಜ್ಯ ಸರ್ಕಾರ ಅದಿರಿನ ರಫ್ತನ್ನೇ ನಿಲ್ಲಿಸಿತು. ಲಾರಿಗಳ ಸಾಲು ಕರಗಿಹೋಯಿತು.

ಆ ಹೊತ್ತಿಗೆ ಪಡುಬಿದ್ರಿ ಹತ್ತಿರ ನಂದಿಕೂರಿನ ವಿದ್ಯುತ್ ಸ್ಥಾವರಕ್ಕೆ ವಿದೇಶಿ ಕಲ್ಲಿದ್ದಲು ಬರಲು ಶುರುವಾಗಿತ್ತು. ಹಡಗುಗಳು ದೊಡ್ಡವಾದವು. ದಕ್ಕೆಯ ಮೇಲೆ ಟೈರಿನ ಮೇಲೆ ಓಡಾಡುವ ಹಾರ್ಬರ್ ಕ್ರೇನುಗಳು ಬಂದವು: ನಾಲ್ಕು ಹಗ್ಗ, 25 ಘನಮೀಟರಿನಂಥ ಗ್ರಾಬ್, ತೂಕವನ್ನು ಕ್ಯಾಬಿನ್ನಿನ ಪರದೆಯ ಮೇಲೆ ಅಂಕಿಯಲ್ಲಿ ತೋರಿಸುವ ಕಂಪ್ಯೂಟರ್. ಕಾಕ ಕಿವಿಯಿಂದ ಕೇಳುತ್ತಿದ್ದದ್ದನ್ನು ಈಗ ಅದು ಬೀಪ್ ಎಂದು ಹೇಳುತ್ತದೆ, ಮಿತಿ ಮೀರಿದರೆ ಎತ್ತುವುದೇ ಇಲ್ಲ. ಇದು ಒಳ್ಳೆಯದೇ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನಿಲ್ಲ. ಪೊಟ್ಯಾಷ್ ಹುಡಿ ನುಂಗಿ ನಲವತ್ತಕ್ಕೇ ಕೆಮ್ಮು ಹಿಡಿದವರ ಹೆಸರುಗಳು ನನ್ನ ಹಳೆ ಟ್ಯಾಲಿ ಪುಸ್ತಕಗಳಲ್ಲಿವೆ. ಗ್ಯಾಂಗ್ ಚಿಕ್ಕದಾಯಿತು, ಕೂಲಿ ಕಳೆದುಕೊಂಡವರು ಮೀನಿನ ದಕ್ಕೆಗೋ ಗಲ್ಫಿಗೋ ಹೋದರು. ಆ ನೋವು ಬೇರೆ, ಅದಕ್ಕೆ ಗ್ರಾಬನ್ನು ಬೈದು ಪ್ರಯೋಜನವಿಲ್ಲ.

ಹಾಗೆಂದು ಮನುಷ್ಯ ಪೂರ್ತಿ ಹೊರಗೆ ಬಂದಿಲ್ಲ. ಗ್ರಾಬ್ ಎಷ್ಟೇ ಒಳ್ಳೆಯದಿದ್ದರೂ ಹೋಲ್ಡಿನ ತಳ ಬಂದಾಗ ಅದರ ಕೆಲಸ ಮುಗಿಯುತ್ತದೆ. ಅಲ್ಲಿ ಆತುರಪಟ್ಟು ಗ್ರಾಬ್ ಬೀಳಿಸಿದರೆ ತಳದ ತಗಡು ತಗ್ಗಾಗುತ್ತದೆ. ಹಡಗಿನ ಚೀಫ್ ಆಫೀಸರ್ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೋ ತೆಗೆದು ಸ್ಟಿವೆಡೋರನ ಮೇಲೆ ಕ್ಲೇಮು ಹಾಕುತ್ತಾನೆ. ಹಾಗಾಗಿ ಕೊನೆಗೆ ಕ್ರೇನಿನಲ್ಲೇ ಒಂದು ಜೆಸಿಬಿಯನ್ನೋ ಪೇಲೋಡರನ್ನೋ ಒಳಗೆ ಇಳಿಸುತ್ತಾರೆ. ಅದು ಬದಿಗಳ ಸರಕನ್ನು ನಡುವೆ ಒಟ್ಟು ಮಾಡುತ್ತದೆ, ಗ್ರಾಬ್ ಅದನ್ನು ಎತ್ತುತ್ತದೆ. ಮೂಲೆಗಳಲ್ಲಿ, ಪಕ್ಕೆಲುಬಿನಂಥ ಕಬ್ಬಿಣದ ಪಟ್ಟಿಗಳ ಸಂದಿಯಲ್ಲಿ ಉಳಿದದ್ದಕ್ಕೆ ಇವತ್ತೂ ಸಲಿಕೆ ಮತ್ತು ಪೊರಕೆ. ಒಳಗೆ ಮನುಷ್ಯ ಇರುವಾಗ ಮೇಲೆ ಗ್ರಾಬ್ ಓಡಬಾರದು. ಈ ನಿಯಮ ಎಲ್ಲರಿಗೂ ಗೊತ್ತು, ರಾತ್ರಿ ಪಾಳಿಯ ಕೊನೆಯಲ್ಲಿ ಮರೆಯುವವರೂ ಎಲ್ಲರೇ. ದಕ್ಕೆ ಕಾರ್ಮಿಕರ ಸುರಕ್ಷತೆಗೆ 1986ರ ಕಾಯ್ದೆ 2025ರವರೆಗೆ ಇತ್ತು, ಅದರಡಿ 1990ರ ನಿಯಮಾವಳಿ ಬಂದಿತ್ತು. ಎತ್ತುವ ಯಂತ್ರವನ್ನೂ ಅದಕ್ಕೆ ಕಟ್ಟುವ ಬಿಡಿ ಸಲಕರಣೆಯನ್ನೂ ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಗ್ರಾಬಿನ ಮೇಲೆ ಅದರ ತೂಕ, ಹೊರುವ ಮಿತಿ ಕಾಣುವ ಹಾಗೆ ಬರೆದಿರಬೇಕು. ಬಣ್ಣ ಹೊಡೆಯುವವರು ಈ ಅಂಕಿಗಳ ಮೇಲೆಯೇ ಬಣ್ಣ ಹೊಡೆದುಬಿಡುತ್ತಾರೆ.

ನಾನು ನಿವೃತ್ತನಾದ ಮೇಲೂ ಕೆಲವು ಹುಡುಗರು ಫೋನ್ ಮಾಡುತ್ತಾರೆ. ‘ಸಾರ್, ಇಂಥ ಹಡಗು ಬರ್ತಾ ಉಂಟು, ಯಾವ ಗ್ರಾಬ್ ತರಿಸುವುದು?’ ನಾನು ಕೇಳುವುದು ಕೆಲವೇ ವಿಷಯ. ಸರಕಿನ ಒಂದು ಟನ್ ಎಷ್ಟು ಜಾಗ ಹಿಡಿಯುತ್ತದೆ? ಒದ್ದೆಯೋ ಒಣಗಿದ್ದೋ? ಅತಿ ದೊಡ್ಡ ಗಡ್ಡೆ ಎಷ್ಟು ದೊಡ್ಡದು? ಕ್ರೇನಿಗೆ ಡ್ರಮ್ ಒಂದೋ ಎರಡೋ, ಗ್ರಾಬ್ ಕೆಲಸಕ್ಕೆ ಮಿತಿ ಎಷ್ಟು? ಹ್ಯಾಚಿನ ಬಾಯಿ, ಹಾಪರಿನ ಬಾಯಿ ಎಷ್ಟು ಅಗಲ? ಹಿಂದಿನ ಹಡಗಿನಲ್ಲಿ ಆ ಗ್ರಾಬ್ ಏನನ್ನು ಎತ್ತಿತ್ತು? ಇಷ್ಟಕ್ಕೆ ಉತ್ತರ ಇದ್ದರೆ ಗ್ರಾಬ್ ತಾನಾಗಿ ಗೊತ್ತಾಗುತ್ತದೆ, ನನ್ನನ್ನು ಕೇಳಬೇಕಾಗಿಯೇ ಇಲ್ಲ.

ಇಂಡೆಂಟಿಗೆ ಸಹಿ ಹಾಕುವ ಎಂಜಿನಿಯರುಗಳಲ್ಲಿ ಒಂದು ವಿನಂತಿ. ಹಡಗಿನ ಕಾಗದಪತ್ರ ಆಫೀಸಿನ ಫೈಲಿಗೆ ಹೋಗುವ ಮೊದಲು ಅದರ ಒಂದು ಪ್ರತಿ ಕ್ರೇನ್ ಡ್ರೈವರನ ಕೈಗೂ ಕೊಡಿ.